ಕೆಂಪು ದೀಪದ ಕಾರಿಗೆ ನಾಲ್ವರು ಪ್ರಯಾಣಿಕರು

ಬೆಳ್ಳಾರೆ ಪೇಟೆ ತಲುಪಿದಾಗ, ನಾನು ಹೊಸದಾಗಿ ಕೊಂಡ ಹಳೆಯ ಕಾರಿನಲ್ಲಿ ಎಂಜಿನ್ ದೋಷ ಸೂಚಿಸುವ ಕೆಂಪು ದೀಪ ಹತ್ತಿಕೊಂಡಿತು. ಪುತ್ತೂರಿನಲ್ಲಿ ನಾದಿನಿಯ ಧಾರೆಯ ಹೊತ್ತು ಸಮೀಪಿಸಿತ್ತು. ಪತ್ನಿಯನ್ನು ಮುಂದಿನ ಸೀಟಿನಲ್ಲೇ ಬಿಟ್ಟು, ಗಾಬರಿಯಿಂದ ಇಳಿದು ಬಾನೆಟ್ ಎತ್ತಿ ನೋಡಿ, ಏನೂ ತಿಳಿಯದೆ ಮರಳಿದೆನು. ಅಷ್ಟರಲ್ಲಿ, ನಿಂತ ಕಾರನ್ನು ಬಾಡಿಗೆಯ ಸರ್ವಿಸ್ ಕಾರೆಂದು ತಿಳಿದು ನಾಲ್ವರು ಅಪರಿಚಿತರು ಹಿಂದಿನ ಸೀಟಿನಲ್ಲಿ ಆಸೀನರಾಗಿದ್ದುದು ಕಂಡುಬಂತು.

ಇದು ಸ್ವಂತ ಕಾರೆಂದೂ, ದಾರಿಯಲ್ಲಿ ನಿಂತುಹೋಗುವ ಸಂಭವವಿದೆಯೆಂದೂ ಸವಿನಯವಾಗಿ ತಿಳಿಸಿದೆನು.

“ನಿಂತರೆ ಎಂತ ಮಾರಾಯ್ರೆ, ನಾವು ದೂಡುದಿಲ್ವಾ? ನೀವು ಬಿಡಿ!” ಎಂದರು ಅವರಲ್ಲಿ ಹಿರಿಯರಾದ ಬ್ಯಾರಿಯೊಬ್ಬರು.

ಹೊರಟೆವು; ಅರ್ಧ ದಾರಿಯಲ್ಲಿ ಕಾರು ನಿಂತಿತು. ಅವರು ಇಳಿದು ದೂಡಿದರು. ಧಾರೆಗೆ ಮೊದಲೇ ತಲುಪಿದೆವು. ಪತ್ನಿ ನಾಲ್ವರನ್ನೂ ಊಟಕ್ಕೆ ಕೂರಿಸಿದಳು.

ಅಂದಿನಿಂದ ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಳ್ಳುತ್ತಿದ್ದೇನೆ. ಇದನ್ನು ನನ್ನ ಔದಾರ್ಯವೆಂದು ಯಾರೂ ಭಾವಿಸಬಾರದಾಗಿ ವಿನಂತಿ. ಗಟ್ಟಿಮುಟ್ಟಾದವರಿಗೆ ಆದ್ಯತೆ.