ಲಕ್ಷದಲ್ಲಿ ಉಳಿದ ಒಂದು ಪತ್ರೆ

ಒಂದು ಲಕ್ಷವನ್ನು ಒಂಬತ್ತರಿಂದ ಭಾಗಿಸಿ. ಪೆನ್ಸಿಲ್ ಬೇಕಾದರೆ ತೆಗೆದುಕೊಳ್ಳಿ, ಕಾಯುತ್ತೇನೆ.

ಹನ್ನೊಂದು ಸಾವಿರದ ನೂರಾ ಹನ್ನೊಂದು ಬಂತೇ? ಕೊನೆಗೆ ಒಂದು ಉಳಿಯಿತೇ? ಆ ಒಂದಕ್ಕಾಗಿ ಹೋದ ಸೋಮವಾರ ಉಡುತಡಿಯ ಗುಡಿಯಲ್ಲಿ ನಮ್ಮ ಅಣ್ಣತಮ್ಮಂದಿರು ಕೈಕೈ ಮಿಲಾಯಿಸುವುದೊಂದು ಬಾಕಿ ಇತ್ತು.

ಶ್ರಾವಣದಲ್ಲಿ ನಮ್ಮ ಮನೆತನದವರು ಸೇರಿ ಈಶ್ವರನಿಗೆ ಲಕ್ಷ ಬಿಲ್ವಪತ್ರೆ ಏರಿಸುತ್ತೇವೆ. ಮನೆಗೊಂದು ಪಾಲು, ಎಲ್ಲ ಪಾಲೂ ಸಮ. ಒಟ್ಟಿಗೆ ಕೂತು ಒಟ್ಟಿಗೆ ಮುಗಿಸಬೇಕು. ಹೋದ ವರ್ಷದವರೆಗೆ ಎಂಟು ಮನೆ. ಹನ್ನೆರಡೂವರೆ ಸಾವಿರದಂತೆ ಸಲೀಸಾಗಿ ಹೋಗುತ್ತಿತ್ತು. ಈ ಬೇಸಿಗೆಯಲ್ಲಿ ಒಬ್ಬ ತಮ್ಮ ಬೇರೆಯಾದ. ಒಂಬತ್ತಾದೆವು.

ಉಳಿದ ಒಂದು ಪತ್ರೆ ಯಾರದು? ತಾನು ಹಿರಿಯನೆಂದು ದೊಡ್ಡಪ್ಪ ಕೇಳಿದರು. ಮರ ತನ್ನ ಹಿತ್ತಲದ್ದೆಂದು ಚಿಕ್ಕಪ್ಪ ಪಟ್ಟು ಹಿಡಿದರು. ಒಂಬತ್ತು ಕೈ ಸೇರಿಸಿ ಏರಿಸೋಣವೆಂದು ಯಾರೋ ಅಂದರೆ, ಮೇಲಿನ ಕೈ ಯಾರದೆಂದು ಮತ್ತೆ ಶುರು! ಪೂಜೆ ಮಾಡಿಸುವ ಅಯ್ಯನವರು, "ನೀವು ಒಂದಾಗೋ ತನಕ ನಾನು ಸಂಕಲ್ಪ ಮಾಡ್ಸಲ್ಲ ನೋಡ್ರಿ" ಎಂದು ಕೂತುಬಿಟ್ಟರು.

"ನೀನು ಓದಿದವ. ಇನ್ನೊಮ್ಮೆ ಭಾಗಿಸೋ," ಎಂದರು ದೊಡ್ಡಪ್ಪ. (ಓದಿದವನು ಭಾಗಿಸಿದರೆ ಶೇಷ ಮಾಯವಾಗುತ್ತದೆಯೇ?)

ಲಕ್ಷದ ಗುಣವೇ ಹಾಗೆ. ಎಷ್ಟೇ ಒಡೆದರೂ ಒಳಗೆ ಸಿಗುವುದು ಎರಡು ಮತ್ತು ಐದು ಮಾತ್ರ. ಐದು ಸಲ ಎರಡು, ಐದು ಸಲ ಐದು, ಗುಣಿಸಿ ನೋಡಿ. ಮೂರಕ್ಕೆ ಅಲ್ಲಿ ಜಾಗವಿಲ್ಲ. ಮೂರಿಲ್ಲದ ಮೇಲೆ ಒಂಬತ್ತೆಲ್ಲಿ? (ಹೊಸ ಪೈಸೆ ಬಂದ ಮೇಲೆ ರೂಪಾಯಿಗೂ ಇದೇ ರೋಗ. ಮೂವರು ಹಂಚಿಕೊಂಡರೆ ಒಂದು ಪೈಸೆ ಅನಾಥ.) ಮೂರೆಲೆಯ ಪತ್ರೆ ಏರಿಸುವ ನಾವು ಮೂರೇ ಮನೆಯಾಗಿದ್ದರೂ ಜಗಳ ತಪ್ಪುತ್ತಿರಲಿಲ್ಲ.

"ಹತ್ತು ಮನೆಯಾದ್ರೆ ತಲಾ ಹತ್ತು ಸಾವಿರ. ಏನೂ ಉಳಿಯಲ್ಲ," ಎಂದೆ.

"ಹತ್ತನೇ ಮನೆ ಎಲ್ಲಿಂದ ತರ್ತೀಯಾ?" ಎಂದರು ದೊಡ್ಡಪ್ಪ.

ನಾನು ಕಂಬದ ಕಡೆ ನೋಡಿದೆ. ಅಲ್ಲಿ ನೀಲಮ್ಮತ್ತೆ ಪತ್ರೆ ಒರೆಸುತ್ತ ಕೂತಿದ್ದರು. ದೊಡ್ಡಪ್ಪನ ತಂಗಿ, ಕುಬಟೂರಿಗೆ ಕೊಟ್ಟದ್ದು. ಪ್ರತಿ ಶ್ರಾವಣ ಸೊರಬದಲ್ಲಿ ಒಂದು, ಶಿಕಾರಿಪುರದಲ್ಲಿ ಇನ್ನೊಂದು ಬಸ್ಸು ಹಿಡಿದು ಬುಟ್ಟಿ ತುಂಬ ಪತ್ರೆ ತರುತ್ತಾರೆ. ಒರೆಸುತ್ತಾರೆ, ಎಣಿಸುತ್ತಾರೆ. ಏರಿಸುವಾಗ ಮಾತ್ರ ಕಂಬದ ಹಿಂದೆ. ಕೊಟ್ಟ ಹೆಣ್ಣು ಮನೆತನದ ಲೆಕ್ಕಕ್ಕಿಲ್ಲ. ನನಗಿದು ಯಾವತ್ತೂ ಸರಿಕಂಡಿಲ್ಲ.

"ಇವತ್ತು ಪತ್ರೇಲಿ ಪಾಲು ಕೊಟ್ರೆ ನಾಳೆ ಗದ್ದೇಲಿ ಪಾಲು ಅಂತಾಳೆ. ಹೊಸ ಕಾಯ್ದೆ ಬೇರೆ ಬಂದೈತೆ," ಎಂದರು ಚಿಕ್ಕಪ್ಪ. ಹೇಳಿದ್ದು ನನ್ನ ಕಿವಿಯಲ್ಲಿ, ಕೇಳಿದ್ದು ಇಡೀ ಗುಡಿಗೆ.

ಅತ್ತೆ ತಲೆ ಎತ್ತಿದರು. "ಗದ್ದೆ ನೀವೇ ಉಣ್ರಪ್ಪಾ. ನಮ್ಮಪ್ಪನ ಹೆಸರಲ್ಲಿ ಶಿವನ ತಲೆ ಮೇಲೆ ಒಂದು ಪತ್ರೆ ಇಡಾಕೂ ನಾನು ಹೊರಗಿನವಳೇನಣ್ಣಾ?"

ಹೊತ್ತು ನೆತ್ತಿಗೇರುತ್ತಿತ್ತು. ಅಯ್ಯನವರು ಗಂಟೆ ಕೈಗೆತ್ತಿಕೊಂಡು, "ಹತ್ತು ಮಣೆ ಹಾಕ್ರಿ" ಎಂದರು. ದೊಡ್ಡಪ್ಪ ಬೇಡವೆನ್ನಲಿಲ್ಲ. ಒಂದು ಪತ್ರೆಯನ್ನು ತಮ್ಮನಿಗೆ ಬಿಡುವುದಕ್ಕಿಂತ ಹತ್ತು ಸಾವಿರವನ್ನು ತಂಗಿಗೆ ಕೊಡುವುದೇ ಹಗುರವೆನಿಸಿರಬೇಕು!

ಅತ್ತೆ ಪತ್ರೆ ಏರಿಸುತ್ತಲೇ ಅತ್ತರು. ನಾನೂ ಕಣ್ಣೊರೆಸಿಕೊಂಡೆ. (ಭಾಗಾಕಾರಕ್ಕೆ ಯಾರಾದರೂ ಕಣ್ಣೀರಿಡುತ್ತಾರೆಯೇ?)

ಸಂಜೆ ಬಸ್ಸು ಹತ್ತುವಾಗ, "ಬರೋ ಶ್ರಾವಣಕ್ಕೆ ನನ್ನ ಹತ್ತು ಸಾವಿರ ನಾನೇ ತರ್ತೀನಿ ಕಣಪ್ಪಾ" ಎಂದರು.

ಬಸ್ಸು ಹೋಯಿತು. ದೊಡ್ಡಪ್ಪ ನನ್ನ ಹೆಗಲ ಮೇಲೆ ಕೈಯಿಟ್ಟು ಸಮಾಧಾನದಿಂದ ಹೇಳಿದರು: "ಬರೋ ವರ್ಷ ನನ್ನ ಕಿರಿ ಮಗನೂ ಬೇರೆ ಮನೆ ಮಾಡ್ತಾನೆ. ನಮ್ಮವೇ ಹತ್ತು ಆಗ್ತಾವೆ. ಲೆಕ್ಕ ಸರಿಹೋಗ್ತದೆ ಬಿಡು."

ಅತ್ತೆಯೂ ಸೇರಿದರೆ ಹನ್ನೊಂದು. ಹನ್ನೊಂದರಿಂದ ಸರಿಯಾಗಿ ಭಾಗವಾಗುವ ಲಕ್ಷ ನಿಮ್ಮಲ್ಲಿ ಯಾರ ಬಳಿಯಾದರೂ ಇದೆಯೇ?