ಒಂಬತ್ತನೆಯ ಆಟಗಾರ

ನಮ್ಮ ಬೇಸ್‌ಬಾಲ್ ತಂಡದ ಚರಿತ್ರೆ ದೊಡ್ಡದೇನಲ್ಲ. ಎರಡು ಚಳಿಗಾಲ ಆಡಿದೆವು, ಒಂದು ಪಂದ್ಯ ಗೆದ್ದೆವು, ಮಿಕ್ಕವನ್ನೆಲ್ಲ ಸೋತೆವು. ಕೊನೆಗೆ ಲೀಗಿನವರು ನಮ್ಮನ್ನು ಪಟ್ಟಿಯಿಂದ ತೆಗೆದುಹಾಕಿದರು. ಅದಕ್ಕೆ ಕಾರಣ ನಾನು. ತಂಡದಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ.

ಬೇಸ್‌ಬಾಲ್ ನಮ್ಮ ಆಟವೇ ಅಲ್ಲ. ದುಬೈಯಿಂದ ಗಂಟೆಯ ದಾರಿಯ ಬನಿಯಾಸ್ ಕಡೆಯ ಒಂದು ಖಾಲಿ ಮರಳು ಜಾಗದಲ್ಲಿ ಶನಿವಾರ ಬೆಳಿಗ್ಗೆ ಟೆನಿಸ್ ಬಾಲ್ ಕ್ರಿಕೆಟ್ ಆಡುತ್ತಿದ್ದೆವು. ಹತ್ತು ಹನ್ನೆರಡು ಜನ, ಹೆಚ್ಚಿನವರು ಮಂಗಳೂರು ಉಡುಪಿ ಕಡೆಯವರು. ಮೈಸೂರಿನವನು ನಾನೊಬ್ಬ, ಆಫೀಸಿನಲ್ಲಿ ಕೂರುವ ಎಂಜಿನಿಯರು. ಗದಗದ ಕಡೆಯವನು ಇನ್ನೊಬ್ಬ, ಎ.ಸಿ. ಮೆಕ್ಯಾನಿಕ್. ಅಂಪೈರ್ ಆಗಲು ಯಾರೂ ಒಪ್ಪದೆ ಆ ಕೆಲಸ ನನ್ನ ಕೊರಳಿಗೆ ಬಿದ್ದಿತ್ತು. ನಿಯಮ ಎಂದರೆ ನಾನು ಸ್ವಲ್ಪ ಅತಿ, ಮನೆಯಲ್ಲಿ ಹೆಂಡತಿ ಮಕ್ಕಳೂ ಅದನ್ನೇ ಹೇಳುತ್ತಾರೆ. ಮೆಕ್ಯಾನಿಕ್ ಬೌಲಿಂಗ್ ಮಾಡುವಾಗ ಮೊಣಕೈ ಮಡಚುತ್ತಿದ್ದ. ಮಾವಿನಕಾಯಿಗೆ ಕಲ್ಲು ಬೀಸಿದ ಹಾಗಿರುತ್ತಿತ್ತು ಅದು. ನಾನು ಪ್ರತಿ ಸಲವೂ ಕೈ ಚಾಚಿ ನೋಬಾಲ್ ಎನ್ನುತ್ತಿದ್ದೆ. ಒಂದು ದಿನ ಸಾಲಾಗಿ ಆರು ನೋಬಾಲ್ ಕೊಟ್ಟೆ, ಎಲ್ಲರೂ ನಕ್ಕರು. ಆಮೇಲೆ ಅವನು ಚೆಂಡು ಕೇಳುವುದನ್ನೇ ಬಿಟ್ಟು ಬೌಂಡರಿಯಲ್ಲಿ ನಿಲ್ಲತೊಡಗಿದ.

ಆ ಜಾಗಕ್ಕೆ ಬೇಲಿ ಬಿದ್ದು ಕಟ್ಟಡ ಏಳಲು ಶುರುವಾಯಿತು. ನಮಗೆ ಆಡಲು ನೆಲ ಇಲ್ಲದ ಹೊತ್ತಿಗೆ, ದುಬೈ ಹೊರವಲಯದಲ್ಲಿ ಸಣ್ಣದೊಂದು ಬೇಸ್‌ಬಾಲ್ ಲೀಗ್ ನಡೆಯುತ್ತದೆ, ಒಂದು ತಂಡ ಕಡಿಮೆ ಬಿದ್ದಿದೆ ಎಂದು ಫಿಲಿಪ್ಪೀನ್ಸಿನ ಸಹೋದ್ಯೋಗಿಯೊಬ್ಬ ಹೇಳಿದ. ಉಳಿದವೆಲ್ಲ ಕಂಪನಿ, ಶಾಲೆಗಳ ತಂಡಗಳು. ನಮಗೆ ಕಂಪನಿಯೂ ಇಲ್ಲ, ಸಂಘವೂ ಇಲ್ಲ. ಒಂಬತ್ತು ಜನ ಬಂದರೆ ಸಾಕು ಎಂದರು. ಬ್ಯಾಟು, ಬಾಲು, ಇದರಲ್ಲೇನು ಮಹಾ ಎಂದು ನಾನೇ ಫಾರಂ ತುಂಬಿ, ಕ್ಯಾಪ್ಟನ್ ಎಂದಿದ್ದಲ್ಲಿ ನನ್ನ ಹೆಸರು ಬರೆದೆ. ದುಬೈಯ ನೈಫ್ ಪೇಟೆಯಲ್ಲಿ ಹಳದಿ ಅಂಗಿ ಹೊಲಿಸಿದೆವು. ಅಲ್ಲಿನ ಅಂಗಡಿಯವನು ಎಲ್ಲ ಒಂದೇ ಎಂದು ಹೇಳಿ ವಿಕೆಟ್ ಕೀಪರ್ ಗ್ಲೌಸನ್ನು ನಮ್ಮ ತಲೆಗೆ ಕಟ್ಟಿದ.

ಮೊದಲ ಪಂದ್ಯಗಳಲ್ಲಿ ಮಾನ ಹೋಯಿತು. ಹೊಡೆದ ಮೇಲೆ ಬ್ಯಾಟನ್ನು ಬಿಸಾಕಿ ಓಡಬೇಕು, ಮೂಲೆಯಲ್ಲಿಟ್ಟ ಬೇಸ್ ಎಂಬ ಚೌಕವನ್ನು ಕಾಲಲ್ಲಿ ಮುಟ್ಟಬೇಕು. ನಮ್ಮವರು ಬ್ಯಾಟು ಹಿಡಿದೇ ಓಡಿ, ಅದರ ತುದಿಯನ್ನು ಬೇಸಿಗೆ ತಾಗಿಸಿ, ದೂರದಲ್ಲೇ ನೆಮ್ಮದಿಯಾಗಿ ನಿಂತು ಔಟಾಗುತ್ತಿದ್ದರು. ನಾನು ಚೆಂಡು ಎಸೆಯಲು ನಿಂತು, ನೆಟ್ಟಗೆ ಕೈ ತಿರುಗಿಸಿ ನೆಲಕ್ಕೆ ಬಡಿಯುತ್ತಿದ್ದೆ. ಅಂಥ ನಾಲ್ಕು ಚೆಂಡು ಬಿದ್ದರೆ ಹೊಡೆಯದೆಯೇ ಬೇಸ್ ಸಿಗುತ್ತದೆ, ಎದುರಿನವರು ಬ್ಯಾಟು ಎತ್ತುವ ತೊಂದರೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ.

ಒಂದು ದಿನ ಮೆಕ್ಯಾನಿಕ್ ಮೈದಾನದ ಅಂಚಿನಿಂದ ಚೆಂಡು ಎಸೆದದ್ದನ್ನು ಅಲ್ಲಿನ ವಯಸ್ಸಾದ ಅಂಪೈರ್ ನೋಡಿದರು. ಅವನನ್ನು ಕರೆದು ನಡುವೆ ನಿಲ್ಲಿಸಲು ನನಗೆ ಹೇಳಿದರು. ಅವನು ಬಂದು ಚೆಂಡು ಹಿಡಿದು, ಎಸೆಯದೆ ನನ್ನ ಕಡೆ ತಿರುಗಿದ.

"ಸರ, ಇಲ್ಲಿ ಕೈ ಮಡಚಬೌದೇನ್ರಿ?"

ಮಡಚಲೇಬೇಕು ಎಂದೆ. ಅವನು ಎಸೆದ. ಎದುರಿನವನು ಗಾಳಿಗೆ ಬ್ಯಾಟು ಬೀಸಿದ. ಮೆಕ್ಯಾನಿಕ್ ಮಾತ್ರ ಅವನ ಕಡೆ ನೋಡಲಿಲ್ಲ, ನನ್ನ ಕೈ ಚಾಚಿದೆಯೇ ಎಂದು ನೋಡಿದ.

ಅಲ್ಲಿಂದ ಅವನು ಬೇರೆಯೇ ಮನುಷ್ಯ. ಡ್ಯೂಟಿ ಬದಲಿಸಿಕೊಂಡು ಶನಿವಾರ ಬಿಡುವು ಮಾಡಿಕೊಳ್ಳುತ್ತಿದ್ದ. ಹಳದಿ ಅಂಗಿಯನ್ನು ಇಸ್ತ್ರಿ ಮಾಡಿ ಕವರಿನಲ್ಲಿ ತರುತ್ತಿದ್ದ. ನಾವು ಗೆದ್ದ ಒಂದೇ ಪಂದ್ಯದಲ್ಲಿ ಕೊನೆಯವರೆಗೂ ಅವನೇ ಎಸೆದ. ಎಲ್ಲಿ ಕಲಿತೆ ಎಂದು ಅಂಪೈರ್ ಕೇಳಿದಾಗ ನನ್ನ ಕಡೆ ಕೈ ತೋರಿಸಿದ. ನಾನು ಅಲ್ಲವೆನ್ನದೆ ಕೈಕುಲುಕಿಸಿಕೊಂಡೆ. ವಾಪಸು ಬರುವಾಗ ಕಾರಿನಲ್ಲಿ ಅವನು, "ಊರಾಗೂ ನನಗ ಯಾರೂ ಬಾಲ್ ಕೊಡ್ತಿದ್ದಿಲ್ರಿ ಸರ" ಎಂದ.

ಎರಡನೆಯ ಚಳಿಗಾಲದಲ್ಲಿ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ನಮ್ಮ ಮನೆಯ ಹತ್ತಿರವೇ ಕ್ರಿಕೆಟ್ಟಿಗೆ ಒಂದು ಜಾಗ ಸಿಕ್ಕಿತು. ಸೋಲಲು ದುಬೈವರೆಗೆ ಯಾಕೆ ಹೋಗಬೇಕು ಎಂದು ನಮ್ಮವರು ಒಬ್ಬೊಬ್ಬರೇ ಕಳಚಿಕೊಂಡರು. ಒಂಬತ್ತು ಜನ ಇಲ್ಲದೆ ಎರಡು ಸಲ ಪಂದ್ಯ ಬಿಟ್ಟರೆ ತಂಡ ಹೊರಕ್ಕೆ ಎಂಬುದು ಲೀಗಿನ ನಿಯಮ. ಒಂದು ಸಲ ಆಗಲೇ ಬಿಟ್ಟಿದ್ದೆವು. ಪ್ರತಿ ಶುಕ್ರವಾರ ಮೆಕ್ಯಾನಿಕ್ಕೇ ಎಲ್ಲರಿಗೂ ಫೋನು ಮಾಡಿ, ಹೊಸಬರನ್ನು ಕಾಡಿ ಬೇಡಿ ಜನ ಹೊಂದಿಸುತ್ತಿದ್ದ. ನನ್ನನ್ನು ಮಾತ್ರ ಬೇಡುತ್ತಿರಲಿಲ್ಲ. ಕ್ಯಾಪ್ಟನ್ ಬಂದೇ ಬರುತ್ತಾನೆಂದು ಅವನ ಲೆಕ್ಕ.

ಆ ಶನಿವಾರ ನನ್ನ ಕಾರಿನಲ್ಲಿ ನೇರ ಬರುತ್ತೇನೆಂದು ಹೇಳಿದ್ದೆ. ಹೊರಟೂ ಇದ್ದೆ. ದಾರಿಯಲ್ಲಿ ಕ್ರಿಕೆಟ್ ಜಾಗದ ಹತ್ತಿರ ಕಾರು ನಿಧಾನ ಮಾಡಿದೆ. ಓಪನಿಂಗಿಗೆ ಜನ ಇಲ್ಲ, ಎರಡೇ ಓವರ್ ಆಡಿ ಹೋಗಿ ಎಂದರು. ಎರಡು ಹೋಗಿ ಐದಾಯಿತು, ಐದು ಹೋಗಿ ಹತ್ತಾಯಿತು. ಬೌಲರ್ ತುದಿಯಲ್ಲಿ ನಿಂತಿದ್ದಾಗ ಮೆಕ್ಯಾನಿಕ್‌ನ ಫೋನು ಬಂತು.

"ಎಂಟ ಮಂದಿ ಅದೀವ್ರಿ ಸರ. ಅಂಪೈರ್ ಇನ್ನ ಹತ್ತ ನಿಮಿಷ ಕಾಯ್ತಾರಂತ. ಎಲ್ಲಿದ್ದೀರಿ?"

"ಟ್ರಾಫಿಕ್ಕಲ್ಲಿ ಸಿಕ್ಕಾಕೊಂಡಿದ್ದೀನಿ ಕಣಪ್ಪ, ಮುಂದೆ ಏನೋ ಆಕ್ಸಿಡೆಂಟು" ಎಂದೆ. ಅಷ್ಟರಲ್ಲಿ ನನ್ನ ಹಿಂದೆ ನಾಲ್ಕು ಜನ ಒಟ್ಟಿಗೆ ಔಟ್ ಎಂದು ಕೂಗಿದರು. ಅದು ಅವನಿಗೂ ಕೇಳಿಸಿತು. "ಆತ್ ಬಿಡ್ರಿ ಸರ" ಎಂದು ಫೋನಿಟ್ಟ. ನನಗೆ ನಾಚಿಕೆಯಾಯಿತು. ಆದರೂ ಓವರ್ ಮುಗಿಸಿಯೇ ಹೊರಬಂದೆ, ಅದನ್ನೂ ಬರೆಯಬೇಕು. ತಂಡದ ಕಥೆ ಅಲ್ಲಿಗೆ ಖಲಾಸ್.

ಮೂರು ವಾರ ಬಿಟ್ಟು ಅವನು ಕ್ರಿಕೆಟ್ಟಿಗೆ ಬಂದ. ನಾನು ಅಂಪೈರ್ ನಿಂತಿದ್ದೆ. ಅವನಾಗಿ ಏನೂ ಕೇಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಓವರ್ ಮುಗಿದಾಗ ನಾನೇ ಚೆಂಡು ತೆಗೆದುಕೊಂಡು ಅವನ ಹತ್ತಿರ ಹೋಗಿ, ಇದು ನಿನ್ನ ಓವರ್, ನಾನು ಏನೂ ಅನ್ನುವುದಿಲ್ಲ ಎಂದೆ. ಅವನು ಚೆಂಡನ್ನು ಅಂಗೈಯಲ್ಲಿ ಒಮ್ಮೆ ತಿರುಗಿಸಿ ನೋಡಿ ನನಗೇ ವಾಪಸು ಕೊಟ್ಟ.

"ಬ್ಯಾಡ್ರಿ ಸರ. ಇಲ್ಲಿ ಅದು ನೋಬಾಲ್ ಐತಿ."

ಹಾಗೆಂದು ನಡೆದು ಬೌಂಡರಿಗೆ ಹೋಗಿ ನಿಂತ.