ಹೊಂಗೆಯ ಹಣ್ಣೆಲೆ

ಎಪ್ಪತ್ತರ ದಶಕದ ಕೊನೆಯಲ್ಲೊಂದು ಬೇಸಿಗೆ. ಅವ್ವ ಅಜ್ಜಂಪುರದ ತವರಿನಲ್ಲಿ ಬಾಣಂತನ ಮುಗಿಸಿ, ತಮ್ಮನನ್ನು ಎತ್ತಿಕೊಂಡು ತರೀಕೆರೆಗೆ ಮರಳಿದ್ದಳು. ನಮ್ಮದು ತಗಡಿನ ಸೂರು. ಮಧ್ಯಾಹ್ನ ಒಳಗೆ ಕೂಸು ಮಲಗುವಂತಿರಲಿಲ್ಲ. ಅಂಗಳದ ಹೊಂಗೆಯ ಕೆಳಗೆ ಹಗ್ಗದ ಮಂಚ ಹಾಕಿ ಇಬ್ಬರೂ ಮಲಗುತ್ತಿದ್ದರು. ಪಕ್ಕದಲ್ಲಿ ಕೂತ ನನಗೆ, ಎಲೆಗಳ ಸಂದಿಯಿಂದ ಇಳಿದ ಬೆಳಕು ಅವರ ಮೇಲೆ ನೀರಿನಂತೆ ಅಲುಗುವುದು ಕಾಣುತ್ತಿತ್ತು.

ಅಪ್ಪನಿಗೆ ಆ ಮರವೆಂದರೆ ಸೊಪ್ಪು. ನಾಟಿಗೆ ಮುಂಚೆ ಗೊಬ್ಬರಕ್ಕೆಂದು ಹಸಿ ಸೊಪ್ಪನ್ನು ಗದ್ದೆಯ ಕೆಸರಲ್ಲಿ ತುಳಿದು ಕೊಳೆಸಬೇಕು.

"ನಾಳೆ ಹತ್ತಿ ಎಲ್ಲಾ ಸವರಿಬಿಡ್ತೀನಿ," ಎಂದ.

"ಬ್ಯಾಡಪ್ಪಾ, ಉದುರಿದ್ದು ಗುಡಿಸಿ ತಂದ್ಕೊಡ್ತೀನಿ. ಅದೂ ಎಲೇನೇ ಅಲ್ವಾ?" ಎಂದೆ ನಾನು.

"ತಾ, ನೋಡಾನ. ಗದ್ದೇಲಿ ಒಂದು ಮೂಲೆ ನಿಂದು," ಎಂದು ನಕ್ಕ.

ಆಗಷ್ಟೇ ಹಣ್ಣೆಲೆ ಉದುರುವ ಕಾಲ. ಒಂದೊಂದೂ ತನ್ನೊಳಗೆ ಏನೂ ಇಲ್ಲವೆಂಬಂತೆ ಹಗುರಾಗಿ ತಿರುಗುತ್ತಾ ಇಳಿಯುತ್ತಿತ್ತು. ಬೀದಿಯ ಹೊಂಗೆಗಳ ಕೆಳಗೂ ಗುಡಿಸಿದೆ. ದಿನದ ಕುಕ್ಕೆಗಳನ್ನು ದಿನಚರಿಯಲ್ಲಿ ಗೀಟು ಹಾಕಿ ಎಣಿಸಿದೆ. ಶಿವರಾತ್ರಿಯ ಹೊತ್ತಿಗೆ ಹತ್ತೊಂಬತ್ತು ಕುಕ್ಕೆ ನನ್ನ ಮೂಲೆಗೆ ಬಿದ್ದಿದ್ದವು. ಮಿಕ್ಕ ಗದ್ದೆಗೆ ಅಪ್ಪ ಕೆರೆ ಏರಿಯಿಂದ ಹಸಿ ಸೊಪ್ಪು ತಂದ.

ನಾಟಿಯಾಗಿ ಕೆಲವು ವಾರಕ್ಕೆ ಗದ್ದೆಯೆಲ್ಲ ಕಡುಹಸಿರು. ನನ್ನ ಮೂಲೆ ಮಾತ್ರ ಜ್ವರ ಬಿಟ್ಟೆದ್ದವರಂತೆ ಬಿಳಿಚಿಕೊಂಡಿತ್ತು.

"ನಿನ್ನ ಮರ ಬಲು ಜಾಣ ಕಣೇ," ಎಂದ ಅಪ್ಪ. "ಉದುರ್ಸೋಕ್ ಮುಂಚೆ ಸಾರಾನೆಲ್ಲಾ ಒಳಕ್ ಎಳ್ಕೊಂಡೈತೆ. ಬೆಣ್ಣೆ ತಾನಿಟ್ಕೊಂಡು ನಮಗೆ ನೀರುಮಜ್ಜಿಗೆ ಕೊಟ್ಟೈತೆ."

ಹಣ್ಣಾಗುವಾಗ ಎಲೆಯ ಸತ್ವ ರೆಂಬೆಗೆ ಮರಳಿ, ಹೊಸ ಚಿಗುರಿಗೆ ಒದಗುತ್ತದೆ ಎಂದು ಮುಂದೆ ಕಡೂರಿನ ಕಾಲೇಜಿನಲ್ಲಿ ಓದಿದೆ. ಅಪ್ಪ ಹಾಗೆಂದ ದಿನ ಗದ್ದೆಯಿಂದ ಮನೆಗೆ ಬಂದು ತಲೆಯೆತ್ತಿದರೆ ಎಣ್ಣೆ ಸವರಿದಂಥ ಎಳೆ ಚಿಗುರು. ನಾನು ಗುಡಿಸಿದ ಎಲೆಗಳ ಜೀವವೇ ಮೇಲೆ ಕೂತು ಹೊಳೆಯುತ್ತಿದೆ ಅನ್ನಿಸಿತು.

ಆ ಮೂಲೆಯ ಪೈರಿನ ಸಾಲುಗಳ ನಡುವೆ ಈಗಲಾದರೂ ಹಸಿ ಸೊಪ್ಪು ತುಳಿಯಬೇಕಿತ್ತು. ಕೆರೆ ಏರಿಯ ಸೊಪ್ಪು ಆಗಲೇ ಮುಗಿದಿತ್ತು. ಅಪ್ಪ ಮಚ್ಚು ಹಿಡಿದು ಮರ ಹತ್ತಿದ. ನಾನೇ ಕುಕ್ಕೆ ತಂದು ಕೆಳಗಿಟ್ಟೆ.

ಮಂಚದಿಂದ ಅವ್ವ ಕೂಗಿದಳು: "ಕೂಸಿನ ಮ್ಯಾಲೆ ಬಿಸ್ಲು ಕೆಡವ್ತೀರೇನು? ಆಮ್ಯಾಕೆ ರಾತ್ರಿಯೆಲ್ಲಾ ಅತ್ರೆ ನೀವೇ ಎತ್ಕೊಂಡ್ ತಿರುಗ್ರಿ!"

ಅಪ್ಪ ಕೊಂಬೆಯ ಮೇಲಿಂದ ಮಂಚದ ಕಡೆ ಬಗ್ಗಿ ನೋಡಿದ. ಆಮೇಲೆ ಬೀದಿ ಕಡೆಯ ರೆಂಬೆಗಳನ್ನಷ್ಟೇ ಸವರಿ ಇಳಿದ.

ಆ ಬೇಸಿಗೆಯಿಡೀ ಅಂಗಳದಲ್ಲಿ ಅರ್ಧ ನೆರಳು. ಅದು ಸರಿದಂತೆಲ್ಲ ನಾನು ಮಂಚವನ್ನು ಮೆಲ್ಲಗೆ ಎಳೆಯುತ್ತಿದ್ದೆ. ಕೂಸು ಏಳುತ್ತಿರಲಿಲ್ಲ. ಅವ್ವ ಕಣ್ಣು ಮುಚ್ಚಿಕೊಂಡೇ ನಗುತ್ತಿದ್ದಳು.